ಪದ ಬರುತ್ತವೆ, ವಾಕ್ಯ ಕೂರುತ್ತಿಲ್ಲ: ಬೇರೆ ಭಾಷೆ ಕಲಿತವರು ಏನು ಮಾಡಿದಿರಿ?

ಕೇಳಿದವರು:
ಐದು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ಪದಗಳು ಸಾಕಷ್ಟು ಗೊತ್ತು. ಓದಿದರೆ ಅರ್ಧಕ್ಕರ್ಧ ಅರ್ಥವಾಗುತ್ತದೆ. ಆದರೆ ಮಾತಾಡಲು ಹೋದರೆ ವಾಕ್ಯ ಕಟ್ಟಲು ಬರುತ್ತಿಲ್ಲ. ಯಾವ ಪದ ಎಲ್ಲಿ ಕೂರಬೇಕು ಅಂತ ಯೋಚಿಸುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಪುಸ್ತಕ, ಪಾಠ ಎಲ್ಲ ಇಂಗ್ಲಿಷ್‌ನಲ್ಲೇ ಇವೆ. ಹಾಗಾಗಿ ತಲೆಯಲ್ಲಿ ಕನ್ನಡ, ಅಲ್ಲಿಂದ ಇಂಗ್ಲಿಷ್, ಅಲ್ಲಿಂದ ಜರ್ಮನ್. ವ್ಯಾಕರಣವನ್ನು ನೀವೆಲ್ಲ ಹೇಗೆ ಹಿಡಿದಿರಿ? ಜರ್ಮನ್ನೇ ಆಗಬೇಕೆಂದಿಲ್ಲ, ಯಾವ ಭಾಷೆಯ ಅನುಭವವಾದರೂ ಹೇಳಿ.

ಜಪಾನಿ ಕಲಿತವರು:
ನಿಮ್ಮ ಮೂರು ಮೆಟ್ಟಿಲಿನಲ್ಲಿ ನಡುವಿನದನ್ನು ತೆಗೆದುಹಾಕಿ. ನನಗೆ ಇದು ತಡವಾಗಿ ಹೊಳೆಯಿತು, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ.

ನನ್ನ ಪಠ್ಯಪುಸ್ತಕವೂ ಇಂಗ್ಲಿಷ್‌ನದೇ. ‘ಜಪಾನಿಯಲ್ಲಿ ಎಲ್ಲವೂ ಉಲ್ಟಾ, ಕ್ರಿಯಾಪದ ಕೊನೆಗೆ ಬರುತ್ತದೆ, ಎಚ್ಚರ’ ಅಂತ ಮೊದಲ ಪಾಠದಲ್ಲೇ ಹೆದರಿಸಿತ್ತು. ನಾನೂ ಹೆದರಿದೆ! ‘ವತಾಶಿ ವಾ ಹೊನ್ ಓ ಯೊಮಿಮಾಶಿತ’ ಎಂಬ ವಾಕ್ಯವನ್ನು ಇಂಗ್ಲಿಷ್‌ಗೆ ತಿರುಗಿಸಿ, ಮತ್ತೆ ಉಲ್ಟಾ ಮಾಡಿ, ಬಾಯಿಪಾಠ ಮಾಡುತ್ತಿದ್ದೆ. ಅದು ಏನು ಗೊತ್ತಾ? ‘ನಾನು ಪುಸ್ತಕವನ್ನು ಓದಿದೆ.’ ಅಷ್ಟೇ. ‘ಹೊನ್’ ಅಂದರೆ ಪುಸ್ತಕ, ‘ಓ’ ಅಂದರೆ ನಮ್ಮ ‘ಅನ್ನು’. ಉಲ್ಟಾ ಆಗಿರುವುದು ಇಂಗ್ಲಿಷ್‌ನವರಿಗೆ, ನಮಗಲ್ಲ.

ನಾಮಪದದ ಮುಂದೆ ಇಡೀ ವಾಕ್ಯವೇ ಕೂತು ಅದನ್ನು ವಿವರಿಸುವ ಪಾಠದಲ್ಲಿ ಎರಡು ವಾರ ಒದ್ದಾಡಿದ್ದೆ. ‘ಕಿನೋ ಯೊಂದ ಹೊನ್’. ಇಂಗ್ಲಿಷ್ ವಿವರಣೆ ಒಂದೂವರೆ ಪುಟ ಇತ್ತು. ಕನ್ನಡದಲ್ಲಿ ಮೂರೇ ಪದ: ನಿನ್ನೆ ಓದಿದ ಪುಸ್ತಕ. ಅದೇ ಸಾಲು, ಅದೇ ಜಾಗ. ‘ಓದಿದ’ ಎಂಬುದಕ್ಕೆ ನಾವು ಶಾಲೆಯಲ್ಲಿ ಕೃದಂತ ಅಂತ ಹೆಸರು ಕಲಿತು ಮರೆತಿರುತ್ತೇವೆ. ಆದರೆ ಬಳಸುವುದನ್ನು ಮರೆತಿಲ್ಲವಲ್ಲ.

ಆಮೇಲೆ ಸಿಕ್ಕಿದ್ದು ನಿಜವಾದ ಖಜಾನೆ. ‘ಯೊಂದೆ ಮಿರು’: ‘ಯೊಂದೆ’ ಅಂದರೆ ಓದಿ, ‘ಮಿರು’ ಅಂದರೆ ನೋಡು. ಓದಿ ನೋಡು! ಪ್ರಯತ್ನ ಮಾಡು ಎಂಬ ಅರ್ಥದಲ್ಲೇ. ‘ಕೈತೆ ಓಕು’ ಅಂದರೆ ಬರೆದಿಡು. ‘ಯೊಂದೆ ಶಿಮೌ’ ಅಂದರೆ ಓದಿಬಿಡು, ಓದಿ ಮುಗಿಸಿಬಿಡು. ‘ಕುರು ತೋ ಇತ್ತ’ ಅಂದರೆ ‘ಬರ್ತೀನಿ ಅಂತ ಹೇಳಿದ’, ‘ತೋ’ ಅಂದರೆ ನಮ್ಮ ‘ಅಂತ’. ಇದನ್ನೆಲ್ಲ ಇಂಗ್ಲಿಷ್ ಮೂಲಕ ಕಲಿಯುವುದು ಅಂದರೆ ಕೈ ಸುತ್ತಿಸಿ ಮೂಗು ಹಿಡಿದ ಹಾಗೆ.

ನಾನು ಮಾಡಿದ ಉಪಾಯ ಇದು. ಒಂದು ನೋಟ್‌ಬುಕ್. ಪ್ರತಿ ವಾಕ್ಯಕ್ಕೆ ಮೂರು ಸಾಲು. ಮೊದಲು ಆ ಭಾಷೆಯ ವಾಕ್ಯ. ಅದರ ಕೆಳಗೆ, ಪದಗಳ ಸಾಲು ಬದಲಾಯಿಸದೆ, ಪದಕ್ಕೆ ಪದ ಕನ್ನಡ. ಅದು ಎಷ್ಟು ಒಡಕಾಗಿದ್ದರೂ ಪರವಾಗಿಲ್ಲ. ಮೂರನೆಯದು ನಾವು ಹೇಳುವ ಕನ್ನಡ. ಎರಡನೆಯ ಮತ್ತು ಮೂರನೆಯ ಸಾಲು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಗೆರೆ ಎಳೆಯಿರಿ. ಕಲಿಯಬೇಕಾದ ವ್ಯಾಕರಣ ಆ ಗೆರೆಯ ಮೇಲಿರುವುದು ಮಾತ್ರ. ಉಳಿದದ್ದು ನಿಮಗೆ ಆಗಲೇ ಗೊತ್ತು.

ಟರ್ಕಿಶ್ ಕಲಿಯುತ್ತಿರುವವರು:
ಮೇಲಿನವರ ನೋಟ್‌ಬುಕ್ ಉಪಾಯಕ್ಕೆ ನನ್ನದೂ ಒಂದು ಮತ. ಟರ್ಕಿಶ್‌ನಲ್ಲಿ ‘ಎವ್’ ಮನೆ, ‘ಎವ್‌ಲೆರ್’ ಮನೆಗಳು, ‘ಎವ್‌ಲೆರ್‌ದೆ’ ಮನೆಗಳಲ್ಲಿ, ‘ಎವ್‌ಲೆರ್‌ದೆನ್’ ಮನೆಗಳಿಂದ. ಒಂದರ ಹಿಂದೆ ಒಂದು ಅಂಟಿಸುತ್ತಾ ಹೋಗುವುದು, ನಮ್ಮ ಹಾಗೇ.

ನನಗೆ ಖುಷಿ ಕೊಟ್ಟದ್ದು ಇನ್ನೊಂದು. ‘ಕಿತಾಪ್ ಒಕುದುಮ್’ ಅಂದರೆ ಪುಸ್ತಕ ಓದಿದೆ, ಯಾವುದೋ ಒಂದು. ‘ಕಿತಾಬಿ ಒಕುದುಮ್’ ಅಂದರೆ ಪುಸ್ತಕವನ್ನು ಓದಿದೆ, ನಮ್ಮಿಬ್ಬರಿಗೂ ಗೊತ್ತಿರುವುದನ್ನು. ‘ಅನ್ನು’ ಇದ್ದಾಗ ಮತ್ತು ಇಲ್ಲದಿದ್ದಾಗ ಕನ್ನಡದಲ್ಲಿ ಏನು ವ್ಯತ್ಯಾಸ ಅಂತ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಜೊತೆಗೆ ಕೊನೆಯ ‘ಮ್’ನಲ್ಲೇ ‘ನಾನು’ ಇದೆ, ‘ಓದಿದೆ’ಯ ಕೊನೆಯಲ್ಲಿ ಇರುವ ಹಾಗೆ. ಬೇರೆಯಾಗಿ ‘ನಾನು’ ಹೇಳಬೇಕಾಗಿಲ್ಲ.

ಹಿಂದಿಯಲ್ಲಿ ಏಟು ತಿಂದವರು:
ಎಲ್ಲರೂ ಕನ್ನಡವನ್ನು ಹಿಡಿದುಕೊಳ್ಳಿ ಅನ್ನುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಹಿಂದಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ಪ್ರತ್ಯಯದ ಹಾಗೆ ‘ಕೋ’, ‘ಸೇ’, ‘ಮೇಂ’ ಎಲ್ಲ ನಾಮಪದದ ನಂತರವೇ. ಹಾಗಾಗಿ ನಾನು ಧೈರ್ಯವಾಗಿ ಕನ್ನಡವನ್ನೇ ಹಿಂದಿ ಪದಗಳಲ್ಲಿ ಮಾತಾಡಿದೆ. ವರ್ಷಗಟ್ಟಲೆ ತಪ್ಪು ಮಾತಾಡಿದೆ.

ಕನ್ನಡದಲ್ಲಿ ಓದಿದವರು ಯಾರು ಅಂತ ನೋಡಿ ಕ್ರಿಯಾಪದ ಬದಲಾಗುತ್ತದೆ: ಓದಿದೆ, ಓದಿದನು, ಓದಿದಳು. ಹಿಂದಿಯಲ್ಲಿ ‘ಮೈನೇ ಕಿತಾಬ್ ಪಢೀ’, ‘ಮೈನೇ ಅಖ್‌ಬಾರ್ ಪಢಾ’. ಓದಿದವನು ನಾನು ಒಬ್ಬನೇ. ಕಿತಾಬ್ ಹೆಣ್ಣು, ಅಖ್‌ಬಾರ್ ಗಂಡು, ಕ್ರಿಯಾಪದ ಅವುಗಳ ಹಿಂದೆ ಹೋಗುತ್ತದೆ. ಅದೂ ಯಾವಾಗಲೂ ಅಲ್ಲ, ಮುಗಿದ ಕೆಲಸಕ್ಕೆ, ಅದರಲ್ಲೂ ಕರ್ಮ ಇರುವ ಕ್ರಿಯಾಪದಕ್ಕೆ ಮಾತ್ರ. ‘ಓದುತ್ತೇನೆ’ ಅನ್ನುವಾಗ ‘ಮೈಂ ಪಢ್‌ತಾ ಹೂಂ’, ಅಲ್ಲಿ ‘ನೇ’ ಮಾಯ. ನಾನು ‘ಮೈಂ ಕಿತಾಬ್ ಪಢಾ’ ಅಂತಲೇ ಹೇಳುತ್ತಿದ್ದೆ, ಜನಕ್ಕೆ ಅರ್ಥವಾಗುತ್ತಿತ್ತು, ಯಾರೂ ತಿದ್ದಲಿಲ್ಲ. ಅದೇ ತೊಂದರೆಯಾಯಿತು.

ಪುಸ್ತಕ ಯಾಕೆ ಹೆಣ್ಣು ಅಂತ ಕೇಳಬೇಡಿ. ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ: ಮನುಷ್ಯರಲ್ಲಿ ಗಂಡು ಹೆಣ್ಣು, ವಸ್ತುಗಳೆಲ್ಲ ‘ಅದು’. ಇದೇ ಸಹಜ ಅಂದುಕೊಂಡಿರುತ್ತೇವೆ. ಜರ್ಮನ್‌ನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ಫ್ರೆಂಚ್‌ನಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು. ತರ್ಕ ಹುಡುಕಿದರೆ ತಲೆನೋವೇ ಗತಿ. ಆದ್ದರಿಂದ ಗೆರೆಯ ಮೇಲಿರುವುದನ್ನು ಮಾತ್ರ ಕಲಿತರೆ ಸಾಕು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡು ಸಾಲೂ ಒಂದೇ ಥರ ಕಾಣುವಲ್ಲೇ ನಾನು ಹೆಚ್ಚು ಮೋಸ ಹೋದೆ.

ಮಲಯಾಳಂ ಕಲಿತವರು:
ಹೌದು, ಹತ್ತಿರದ ಭಾಷೆಯೇ ಜಾಸ್ತಿ ಮೋಸ ಮಾಡುತ್ತದೆ. ಮಲಯಾಳಂನಲ್ಲಿ ‘ಞಾನ್ ವನ್ನು’ ಅಂದರೆ ನಾನು ಬಂದೆ. ‘ಅವನ್ ವನ್ನು’, ‘ಅವಳ್ ವನ್ನು’, ಎಲ್ಲರಿಗೂ ಅದೇ ‘ವನ್ನು’. ನಾನು ಒಂದು ವಾರ ಅದನ್ನು ದ್ವಿತೀಯಾ ವಿಭಕ್ತಿ ಅಂದುಕೊಂಡು ‘ಯಾರನ್ನು? ಏನನ್ನು?’ ಅಂತ ಹುಡುಕುತ್ತಿದ್ದೆ. ತೆಲುಗಿನಲ್ಲಿ ‘ಅವಳು ಬಂದಳು’ ‘ಅದು ಬಂತು’ ಎರಡಕ್ಕೂ ‘ವಚ್ಚಿಂದಿ’. ಒಂದೇ ಕುಟುಂಬದ ಭಾಷೆಗಳ ಕಥೆಯೇ ಹೀಗೆ.

ರಷ್ಯನ್, ಸ್ಪ್ಯಾನಿಶ್ ಎರಡನ್ನೂ ಅರ್ಧರ್ಧ ಕಲಿತವರು:
ಪದಗಳ ಸಾಲಿನಲ್ಲಿ ಎರಡೂ ಕನ್ನಡಕ್ಕೆ ದೂರ. ಆದರೂ ಕನ್ನಡ ನನ್ನನ್ನು ಕೈ ಬಿಡಲಿಲ್ಲ. ‘ನನಗೆ’ ಅಂತ ಶುರುವಾಗುವ ವಾಕ್ಯಗಳನ್ನು ನೋಡಿ. ರಷ್ಯನ್‌ನಲ್ಲಿ ‘ಮ್ನೆ ಹೋಲದ್ನ’, ನನಗೆ ಚಳಿ. ಸ್ಪ್ಯಾನಿಶ್‌ನಲ್ಲಿ ‘ಮೆ ಗುಸ್ತೋ ಎಲ್ ಲಿಬ್ರೊ’, ನನಗೆ ಆ ಪುಸ್ತಕ ಇಷ್ಟವಾಯಿತು. ಪುಸ್ತಕಗಳು ಆದರೆ ‘ಮೆ ಗುಸ್ತಾರೊನ್ ಲೊಸ್ ಲಿಬ್ರೊಸ್’, ಇಷ್ಟವಾದವು. ಇಷ್ಟಪಟ್ಟವನು ನಾನು, ಆದರೆ ಕ್ರಿಯಾಪದ ಪುಸ್ತಕಗಳ ಲೆಕ್ಕ ನೋಡುತ್ತದೆ, ಕನ್ನಡದಲ್ಲಿ ನೋಡುವ ಹಾಗೇ. ಇಂಗ್ಲಿಷ್ ಮೂಲಕ ಬಂದವರು ಇಲ್ಲಿ ತಿಂಗಳುಗಟ್ಟಲೆ ಎಡವುತ್ತಾರೆ.

ರಷ್ಯನ್‌ನಲ್ಲಿ ‘ಯಾ ಸ್ಟೂಡೆಂಟ್’ ಅಂದರೆ ನಾನು ವಿದ್ಯಾರ್ಥಿ. ನಡುವೆ ಏನೂ ಬೇಡ. ‘ಉ ಮೆನ್ಯಾ ಯೆಸ್ತ್ ಕ್ನೀಗ’, ನನ್ನ ಹತ್ತಿರ ಪುಸ್ತಕ ಇದೆ. ಇಂಗ್ಲಿಷ್‌ನ ‘ಹ್ಯಾವ್’ಗೆ ನಮ್ಮಲ್ಲಿ ಒಂದೇ ಪದ ಇಲ್ಲವಲ್ಲ, ಅದು ಕೊರತೆ ಅಂತ ಅಂದುಕೊಂಡಿದ್ದೆ. ಅದಿಲ್ಲದೆ ಆರಾಮಾಗಿರುವ ಭಾಷೆಗಳು ಬೇಕಾದಷ್ಟಿವೆ.

ಭಾಷಾವಿಜ್ಞಾನ ಓದಿದವರು:
ಇದರ ಹಿಂದೆ ಒಂದು ಜೋಡಣೆ ಇದೆ. 1963ರಲ್ಲಿ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಹೋಲಿಸಿ 45 ಸಾಮಾನ್ಯ ನಿಯಮಗಳನ್ನು ಪಟ್ಟಿ ಮಾಡಿದರು. ಕ್ರಿಯಾಪದ ಕೊನೆಗೆ ಬಂದರೆ ‘ಮೇಲೆ’, ‘ಒಳಗೆ’ ಥರದ ಪದಗಳೂ ಸಾಮಾನ್ಯವಾಗಿ ನಾಮಪದದ ನಂತರವೇ ಬರುತ್ತವೆ ಅನ್ನುವುದು ಅದರಲ್ಲಿ ಒಂದು. ‘ಮೇಜಿನ ಮೇಲೆ’ ಅನ್ನುತ್ತೇವೆ, ‘ಮೇಲೆ ಮೇಜು’ ಅನ್ನುವುದಿಲ್ಲ. ಕ್ರಿಯಾಪದ ಮೊದಲೇ ಬರುವ ವೆಲ್ಷ್, ಹಳೆಯ ಅರಬ್ಬಿಯಂಥ ಭಾಷೆಗಳಲ್ಲಿ ಇದು ಉಲ್ಟಾ. ಅಂದರೆ ಒಂದು ಎಳೆ ಹಿಡಿದರೆ ಇನ್ನೊಂದನ್ನು ಊಹಿಸಬಹುದು. ಮುಂದೆ 1,300ಕ್ಕೂ ಹೆಚ್ಚು ಭಾಷೆಗಳನ್ನು ಎಣಿಸಿದಾಗಲೂ ನಮ್ಮಂತೆ ಕರ್ತೃ, ಕರ್ಮ, ಕ್ರಿಯಾಪದ ಎಂಬ ಸಾಲೇ ಎಲ್ಲಕ್ಕಿಂತ ಹೆಚ್ಚು ಸಿಕ್ಕಿತು, ಇಂಗ್ಲಿಷ್‌ನ ಸಾಲು ಎರಡನೆಯದು.

ಆದರೆ ಊಹೆ ಊಹೆಯೇ. ಪರ್ಷಿಯನ್‌ನಲ್ಲಿ ‘ಮನ್ ಕೆತಾಬ್ ರಾ ಖಾಂದಮ್’ ನಮ್ಮ ‘ನಾನು ಪುಸ್ತಕವನ್ನು ಓದಿದೆ’ಯ ಪಡಿಯಚ್ಚು. ಆದರೆ ಮನೆಯಲ್ಲಿ ಅನ್ನಲು ‘ದರ್ ಖಾನೆ’, ‘ಅಲ್ಲಿ’ ಮುಂದೆ ಬಂದುಬಿಟ್ಟಿತು. ಚೀನಿ ಭಾಷೆಯ ಸಾಲು ಇಂಗ್ಲಿಷ್‌ನಂತೆ, ಆದರೆ ‘ನಾನು ನಿನ್ನೆ ಓದಿದ ಪುಸ್ತಕ’ ಮಾತ್ರ ನಮ್ಮಂತೆ: ‘ವೊ ಜುವೊತ್ಯೆನ್ ಕಾನ್ ದ ಶು’. ಆ ‘ದ’ಗೂ ‘ಓದಿದ’ದ ‘ದ’ಗೂ ನಂಟಿಲ್ಲ, ಸುಮ್ನೆ ಕಾಕತಾಳೀಯ. ನೆನಪಿಡಲು ಅನುಕೂಲ ಅಷ್ಟೇ.

ಇನ್ನೊಂದು ಮಾತು. ಕನ್ನಡವನ್ನು ಆಸರೆಯಾಗಿ ಇಟ್ಟುಕೊಳ್ಳುವಾಗ ಶಾಲೆಯ ವ್ಯಾಕರಣದ ಪಟ್ಟಿಯನ್ನಲ್ಲ, ನೀವು ಆಡುವ ಮಾತನ್ನು ಇಟ್ಟುಕೊಳ್ಳಿ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ಪಂಚಮಿ ವಿಭಕ್ತಿಗೆ ಕಲಿತೆವು. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕ ತುಂಬಿಸಲು ಕೂರಿಸಿದ್ದು ಅದು. ಆಡುಮಾತಿನಲ್ಲಿ ಹಣ್ಣು ಬೀಳುವುದು ಮರದಿಂದಲೇ.

ಜರ್ಮನ್‌ನಲ್ಲಿ ಎಂಟು ವರ್ಷ ಕೆಲಸ ಮಾಡಿದವರು:
ಕೇಳಿದವರಿಗೆ ನೇರವಾಗಿ. ಜರ್ಮನ್ ಅರ್ಧ ನಮ್ಮ ಕಡೆ, ಅರ್ಧ ಆ ಕಡೆ. ಇದು ಗೊತ್ತಾದ ಮೇಲೆ ನನಗೆ ಹಗುರಾಯಿತು.

ಮುಖ್ಯ ವಾಕ್ಯದಲ್ಲಿ ಒಂದೇ ಕಟ್ಟುನಿಟ್ಟು: ಯಾರು ಅಂತ ನೋಡಿ ಬದಲಾಗುವ ಕ್ರಿಯಾಪದ ಎರಡನೆಯ ಜಾಗದಲ್ಲಿ. ‘ಇಷ್ ಲೇಸೆ ಹೊಯ್ಟೆ ದಾಸ್ ಬೂಖ್’, ನಾನು ಓದುತ್ತೇನೆ ಇವತ್ತು ಆ ಪುಸ್ತಕ. ‘ಇವತ್ತು’ ಮೊದಲಿಗೆ ಬಂದರೆ ‘ಹೊಯ್ಟೆ ಲೇಸೆ ಇಷ್’. ‘ನಾನು’ ಎದ್ದು ಆಚೆ ಹೋಗಬೇಕು, ಕ್ರಿಯಾಪದ ಕದಲುವುದಿಲ್ಲ. ಎರಡನೆಯ ಜಾಗ ಅಂದರೆ ಎರಡನೆಯ ಪದ ಅಲ್ಲ. ‘ನಿನ್ನೆ ಸಂಜೆ’ ಎರಡು ಪದವಾದರೂ ಒಂದೇ ಜಾಗ.

ಈಗ ನಮ್ಮ ಕಡೆಯ ಅರ್ಧ. ‘ವೈಲ್’, ಅಂದರೆ ‘ಏಕೆಂದರೆ’, ಬಂದ ಕೂಡಲೇ ಕ್ರಿಯಾಪದ ಕೊನೆಗೆ ಓಡುತ್ತದೆ. ‘ವೈಲ್ ಇಷ್ ದಾಸ್ ಬೂಖ್ ಲೇಸೆನ್ ಮುಸ್’. ಪದಕ್ಕೆ ಪದ: ಏಕೆಂದರೆ ನಾನು ಆ ಪುಸ್ತಕ ಓದ ಬೇಕು. ‘ಲೇಸೆನ್ ಮುಸ್’ ಅಂದರೆ ‘ಓದ’ ‘ಬೇಕು’, ಅದೇ ಸಾಲಿನಲ್ಲಿ. ‘ಗೆಲೇಸೆನ್ ಹಾಬೆ’ಯೂ ಹಾಗೇ, ‘ಓದಿ’ ‘ಇದ್ದೇನೆ’. ನನ್ನ ಜೊತೆ ಕಲಿಯುತ್ತಿದ್ದ ಇಂಗ್ಲಿಷ್ ಮಾತೃಭಾಷೆಯವರು ಇಲ್ಲಿ ಬೆವರುತ್ತಿದ್ದರು. ನಾನು ಅವರ ಮುಖ ನೋಡಿಕೊಂಡು ಸುಮ್ನೆ ಬೆವರುತ್ತಿದ್ದೆ, ಕಷ್ಟವಿರಬೇಕು ಅಂತ!

ಕಾಲ, ಜಾಗ ಎರಡೂ ಬಂದರೆ ಸಾಮಾನ್ಯವಾಗಿ ಕಾಲ ಮೊದಲು. ‘ಇವತ್ತು ಮನೆಗೆ’ ಅನ್ನುತ್ತೇವಲ್ಲ, ಹಾಗೆ. ಇಂಗ್ಲಿಷ್‌ನ ಸಾಲನ್ನು ಇಲ್ಲಿ ಮರೆಯಿರಿ.

ಹಿಂದಿಯವರು ಹೇಳಿದ ಲಿಂಗದ ಮಾತು ಜರ್ಮನ್‌ಗೂ ಸರಿ. ಹುಡುಗಿಗೆ ‘ಮೇಡ್‌ಶೆನ್’, ಅದು ನಪುಂಸಕ, ಕೊನೆಯ ‘ಶೆನ್’ ಅಂಟಿದರೆ ಯಾವುದೇ ಪದವೂ ನಪುಂಸಕ. ಪದ ಕಲಿಯುವಾಗಲೇ ಅದರ ಲಿಂಗ ತೋರಿಸುವ ‘ದೆರ್’ (ಗಂಡು), ‘ದೀ’ (ಹೆಣ್ಣು), ‘ದಾಸ್’ (ನಪುಂಸಕ) ಸೇರಿಸಿ ಕಲಿಯಿರಿ. ನಾನು ಆಮೇಲೆ ನೋಡೋಣ ಅಂತ ಬಿಟ್ಟೆ, ಆ ‘ಆಮೇಲೆ’ ಇನ್ನೂ ಬಂದಿಲ್ಲ.

ಮಾತಿಗೆ ಅಭ್ಯಾಸ ಬೇಕಾದರೆ ಒಂದೇ ವಾಕ್ಯ ತೆಗೆದುಕೊಂಡು ತಿರುಗಿಸಿ. ನಾನು ಓದುತ್ತೇನೆ. ಇವತ್ತು ಓದುತ್ತೇನೆ. ಓದಬೇಕು. ಓದಬೇಕಾದ್ದರಿಂದ. ಓದಿದ್ದೇನೆ. ಓದಿದ್ದರಿಂದ. ಪದ ಹೊಸದು ಬೇಡ, ಸಾಲು ಮಾತ್ರ ಬದಲಾಗಲಿ. ನಾನು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಹೇಳುತ್ತಿದ್ದೆ. ಪಕ್ಕದವರು ಏನಂದುಕೊಂಡರೋ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೂರು ಸಾಲಿನ ನೋಟ್‌ಬುಕ್ ಶುರು ಮಾಡಿದೆ. ‘ಇವತ್ತು ನಾನು ಮನೆಯಲ್ಲೇ ಇರುತ್ತೇನೆ, ಏಕೆಂದರೆ ನಾನು ಓದಬೇಕು’ ಎಂಬುದಕ್ಕೆ ಹೀಗೆ ಬರೆದೆ: ‘ಹೊಯ್ಟೆ ಇಷ್ ಬ್ಲೈಬೆ ತ್ಸು ಹೌಸೆ, ವೈಲ್ ಇಷ್ ಲೇಸೆನ್ ಮುಸ್.’ ಸರಿನಾ?

ಜರ್ಮನ್‌ನಲ್ಲಿ ಎಂಟು ವರ್ಷ ಕೆಲಸ ಮಾಡಿದವರು:
‘ವೈಲ್’ನಿಂದ ಮುಂದಿನದು ಪೂರ್ತಿ ಸರಿ. ಮೊದಲಿನ ಅರ್ಧ ‘ಹೊಯ್ಟೆ ಬ್ಲೈಬೆ ಇಷ್’ ಆಗಬೇಕು. ನೋಡಿ, ಕನ್ನಡದಂತೆ ಇರುವ ಅರ್ಧ ತಾನಾಗಿ ಬಂತು, ಇಲ್ಲದ ಅರ್ಧದಲ್ಲಿ ಎಡವಿದಿರಿ. ಆ ಜಾಗಕ್ಕೆ ಗೆರೆ ಎಳೆದು, ನಾಳೆ ‘ನಿನ್ನೆ’ ಇಂದ ಶುರುವಾಗುವ ಹತ್ತು ವಾಕ್ಯ ಬರೆದು ಹಾಕಿ. ನೋಡುತ್ತೇನೆ.