ಅಪ್‌ಡೇಟ್: ಕೆಂಪುಕಲ್ಲಿನ ಗೋಡೆಯಲ್ಲಿ ಪುಟ್ಟಿ ಏಳುವುದಕ್ಕೆ ಕಾರಣ ಸಿಕ್ಕಿತು

ಕಾಸರಗೋಡಿನ ಮನೆಯ ಕೋಣೆಗೆ ಹೊಸ ಬಣ್ಣ ಹೊಡೆದರೂ ನೆಲದಿಂದ 2 ಅಡಿವರೆಗೆ ಪುಟ್ಟಿ (ಬಣ್ಣಕ್ಕೆ ಮೊದಲು ಗೋಡೆ ನುಣುಪಾಗಲು ಬಳಿಯುವ ಪದರ) ಹಪ್ಪಳದ ಹಾಗೆ ಏಳುತ್ತಿದೆ ಅಂತ ಕೇಳಿದ್ದೆನಲ್ಲ, ಈಗ ಪರಿಹಾರ ಸಿಕ್ಕಿದೆ.

ವಾಟರ್‌ಪ್ರೂಫ್ ಪೇಂಟಿನ ಸಲಹೆ ಉಪಯೋಗಕ್ಕೆ ಬರಲಿಲ್ಲ, ನಾಲ್ಕೇ ದಿನಕ್ಕೆ ಗುಳ್ಳೆ. ದಾರಿ ತೋರಿಸಿದ್ದು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. 1 ಅಡಿ ಚೌಕದ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 2 ದಿನ ಬಿಟ್ಟರೆ, ಹಾಳೆಯ ಹಿಂದೆ, ಗೋಡೆಯ ಕಡೆಗೇ ಸಣ್ಣ ಸಣ್ಣ ಹನಿ! ಅಂದರೆ ತೇವ ಗೋಡೆಯೊಳಗಿನದ್ದು. ಹೊರಗೆ ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಿತ್ತು, ಅದರ ತೇವವೇ ಗೋಡೆಗೆ ಇಳಿಯುತ್ತಿತ್ತು. ಮುಕ್ಕಾಲು ಅಡಿ ಮಣ್ಣು ತೆಗೆದು, ನೀರು ಆಚೆ ಹರಿಯುವಂತೆ ಇಳಿಜಾರು ಮಾಡಿಸಿದ್ದಾಯ್ತು.

ಒಳಗೆ ಪುಟ್ಟಿಯೆಲ್ಲ ಕೆರೆದು, ತೇವದ ಜೊತೆ ಗೋಡೆಯ ಮೇಲೆ ಬಂದು ಕೂತಿದ್ದ ಬಿಳಿ ಉಪ್ಪನ್ನು ಒಣ ಬ್ರಷ್ಷಿನಲ್ಲೇ ಉಜ್ಜಿ ತೆಗೆದಿದ್ದಾಯ್ತು. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗಿಳಿಯುತ್ತದೆ. ಸದ್ಯಕ್ಕೆ ತೆಳುವಾಗಿ 2 ಕೋಟ್ ಸುಣ್ಣ ಅಷ್ಟೆ. ಸುಣ್ಣ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಪೇಂಟ್ ಕಟ್ಟಿಹಾಕುತ್ತದೆ. ಬೆಳಗಿನ ಬಿಸಿಲಿಗೆ ಆ ಬಿಳುಪು ಎಷ್ಟು ಚಂದ!