ಪಿಸ್ತೂಲ್, ರಿವಾಲ್ವರ್ ರೇಟು ಯಾಕೆ ಇಳೀತಿಲ್ಲ? ಕೋವಿ ಅಂಗಡಿಯವರನ್ನ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತಿನ ಪ್ರಶ್ನೋತ್ತರಕ್ಕೆ ಮೈಸೂರಿನ ಕೋವಿ ಅಂಗಡಿ ಸರ್ ಬಂದಿದಾರೆ. ಲೈಸೆನ್ಸ್ ಇರೋ ಡೀಲರ್ರು, ರಿಪೇರಿನೂ ಅವರೇ ಮಾಡ್ತಾರೆ. ವಿಷಯ ಪಿಸ್ತೂಲ್-ರಿವಾಲ್ವರ್ ರೇಟು, ಹೊಸ ಕಂಪನಿಗಳ ಪೈಪೋಟಿ. ಲೈಸೆನ್ಸ್ ಇಲ್ಲದ ಮಾಲಿನ ಮಾತೆತ್ತಿದ್ರೆ ಡಿಲೀಟ್ ಮಾಡಿ ಹೊರಗೆ ಹಾಕ್ತೀನಿ.

ದಾವಣಗೆರೆ ರೈಸ್‌ಮಿಲ್: ನಮಸ್ತೆ ಸರ್. ಜಿಎಸ್‌ಟಿ ಇಳಿಸಿದ್ರಲ್ಲ, ಪಿಸ್ತೂಲೂ ಅಗ್ಗ ಆಗಿದೆ, ಈಗಲೇ ಬುಕ್ ಮಾಡಿ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ನಿಜಾನಾ? ನನ್ನ ಹತ್ರ ಲೈಸೆನ್ಸ್ ಇದೆ, ಖರೀದಿ ಅವಧಿನೂ ಇನ್ನೂ ಉಳಿದಿದೆ.

ಕೋವಿ ಅಂಗಡಿ: ನಮಸ್ಕಾರ. ಆ ಫಾರ್ವರ್ಡ್ ಪೂರ್ತಿ ಉಲ್ಟಾ. 2025ರ ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟು, ಸಣ್ಣ ಕಾರು ಎಲ್ಲ ಇಳೀತು, ಆದ್ರೆ ಪಿಸ್ತೂಲ್-ರಿವಾಲ್ವರ್‌ಗೆ 28 ಪರ್ಸೆಂಟ್ ಇದ್ದದ್ದು 40 ಆಯ್ತು. ವಿಲಾಸಿ ನೌಕೆ, ಸ್ವಂತ ವಿಮಾನ ಇರೋ ಪಟ್ಟಿಗೆ ಇದನ್ನೂ ಸೇರಿಸಿದ್ರು. ಫ್ಯಾಕ್ಟರಿ ಬೆಲೆ ಒಂದು ಲಕ್ಷ ಇದ್ರೆ ಮೊದಲು ನೀವು ಕೊಡ್ತಿದ್ದದ್ದು 1,28,000, ಈಗ 1,40,000. ಕಂಪನಿ ಒಂದು ರೂಪಾಯಿನೂ ಏರಿಸದೆ ನಿಮ್ಮ ಜೇಬಿಂದ 12 ಸಾವಿರ ಜಾಸ್ತಿ ಹೋಯ್ತು.

ಮಂಡ್ಯ ಮಗ: ಅಣ್ಣ ಪ್ರಬಲ್ ರಿವಾಲ್ವರ್ ಎಷ್ಟು

ಕೋವಿ ಅಂಗಡಿ: ಅಂಗಡಿಗೆ ಫೋನ್ ಮಾಡಿ. ಗ್ರೂಪಲ್ಲಿ ಕೊಟೇಶನ್ ಹಾಕಲ್ಲ.

ಬೆಳಗಾವಿ ಎಕ್ಸ್‌ಸರ್ವಿಸ್: ಸರ, ಮೊದಲ ಬರೇ ಕಾನ್ಪುರದ ಸರ್ಕಾರಿ ಫ್ಯಾಕ್ಟರಿ ಮಾಲ ಇತ್ತು, ಈಗ ಪ್ರೈವೇಟ್‌ನವ್ರೂ ಬಂದಾರ. ಹಂಗಾದ್ರ ರೇಟ್ ಇಳೀಬೇಕಲ್ರಿ? ಮೊಬೈಲ್ ಫೋನ್ ಇಳೀಲಿಲ್ಲೇನ?

ಕೋವಿ ಅಂಗಡಿ: ಒಳ್ಳೆ ಪ್ರಶ್ನೆ ಸರ್, ಸ್ವಲ್ಪ ಉದ್ದ ಆಗುತ್ತೆ. 2014ರಲ್ಲಿ ಕಾನ್ಪುರದಿಂದ ನಿರ್ಭೀಕ್ ಅನ್ನೋ ರಿವಾಲ್ವರ್ ಬಂತು, ಹೆಂಗಸರಿಗೆ ಅಂತ ಪ್ರಚಾರ ಮಾಡಿದ್ರು, ಟೈಟಾನಿಯಂ ಅಲಾಯ್, ಅರ್ಧ ಕೆಜಿ ತೂಕ, ಬೆಲೆ 1,22,360. ಯಾವ ಕೂಲಿ ಹೆಂಗಸು, ಯಾವ ನರ್ಸು ಅದನ್ನ ತಗೋತಾರೆ ಅಂತ ಆಗಲೇ ಜನ ಕೇಳಿದ್ರು, ಸರಿಯಾಗೇ ಕೇಳಿದ್ರು. 2016ರಲ್ಲಿ ಬಂಗಾಳದ ಇಶಾಪುರದ ಸರ್ಕಾರಿ ಫ್ಯಾಕ್ಟರಿಯವರು ನಿಡರ್ ತಂದ್ರು, .22 ಬೋರು ಅಂದ್ರೆ ಸಣ್ಣ ನಳಿಗೆ, ಕಾಲು ಕೆಜಿ, ಅದು ಸುಮಾರು 35 ಸಾವಿರ. ಅಂದ್ರೆ ಅಗ್ಗಕ್ಕೆ ಕೊಡಬೇಕು ಅಂತ ಮನಸ್ಸು ಮಾಡಿದ್ರೆ ಆಗ ಸರ್ಕಾರಿ ಫ್ಯಾಕ್ಟರಿಗೇ ಆಗ್ತಿತ್ತು. ಆಮೇಲೆ ಉತ್ತರ ಪ್ರದೇಶದ ಸಂಡೀಲಾದಲ್ಲಿ ಬ್ರಿಟನ್ನಿನ ಹಳೇ ಕಂಪನಿ ವೆಬ್ಲಿ ಅಂಡ್ ಸ್ಕಾಟ್ ಹೆಸರಲ್ಲಿ ಲಕ್ನೋದ ಕಂಪನಿಯೊಂದು ರಿವಾಲ್ವರ್ ಮಾಡೋಕೆ ಶುರು ಮಾಡ್ತು. ಇಲ್ಲೊಂದು ಸ್ವಾರಸ್ಯ ಇದೆ. ಕಾನ್ಪುರದ .32 ರಿವಾಲ್ವರ್ ಇದೆಯಲ್ಲ, ಅದರ ಮೂಲವೇ ಬ್ರಿಟಿಷರ ಕಾಲದ ವೆಬ್ಲಿ ಮಾರ್ಕ್ 4. ಅಂದ್ರೆ ಹಳೇ ಹೆಸರು ವಾಪಸ್ ಬಂದು ತನ್ನ ನಕಲಿನ ಜೊತೆಗೇ ಪೈಪೋಟಿಗೆ ನಿಂತಿತು. ಹಾಗೆ ನಿಂತದ್ದು ಒಂದೂವರೆ ಲಕ್ಷದ ಮೇಲಿನ ರೇಟಲ್ಲಿ, ಕೆಳಗಲ್ಲ.

ಯಾಕೆ ಅಂದ್ರೆ ಇಲ್ಲಿ ಗಿರಾಕಿ ಎಷ್ಟು ಜನ ಅನ್ನೋದನ್ನ ತೀರ್ಮಾನ ಮಾಡೋದು ಡಿ.ಸಿ ಆಫೀಸು, ಪೊಲೀಸ್ ಕಮಿಷನರ್ ಆಫೀಸು. ಬೆಲೆ ಇಳಿಸಿದ್ರೆ ಲೈಸೆನ್ಸ್ ಜಾಸ್ತಿ ಆಗಲ್ಲ. ವರ್ಷಕ್ಕೆ ಇಷ್ಟೇ ಜನ ತಗೋತಾರೆ ಅಂತ ಗೊತ್ತಿದ್ದಾಗ ಕಂಪನಿಯವನು ರೇಟು ಯಾಕೆ ಇಳಿಸ್ತಾನೆ, ಫಿನಿಶಿಂಗ್ ಚೆನ್ನಾಗಿ ಮಾಡಿ ಎರಡು ಸಾವಿರ ಜಾಸ್ತಿನೇ ತಗೋತಾನೆ. ಹೊರಗಿಂದ ತರಿಸೋದು ಎಂಬತ್ತರ ದಶಕದ ನಡುವಿಂದ ಸಾಮಾನ್ಯ ಜನಕ್ಕೆ ಬಂದ್, ಹೆಸರಾಂತ ಶೂಟರ್‌ಗಳಿಗೆ ಮಾತ್ರ ದಾರಿ ಇದೆ. ಪೈಪೋಟಿಯಿಂದ ಲಾಭ ಆಗಿದ್ದು ಎರಡು: ಮೊದಲು ದುಡ್ಡು ಕಟ್ಟಿ ಕಾನ್ಪುರದಿಂದ ಬರೋವರೆಗೂ ಕಾಯ್ತಿದ್ದದ್ದು ಈಗ ಕೌಂಟರಲ್ಲೇ ಸಿಗುತ್ತೆ, ಇನ್ನೊಂದು ಸರ್ಕಾರಿ ಫ್ಯಾಕ್ಟರಿಯವರೂ ಎದ್ದು ಕೂತಿದಾರೆ. 2021ರಲ್ಲಿ ಸರ್ಕಾರಿ ಆಯುಧ ಫ್ಯಾಕ್ಟರಿಗಳನ್ನ ನಡೆಸ್ತಿದ್ದ ಆರ್ಡ್‌ನೆನ್ಸ್ ಬೋರ್ಡ್ ಒಡೆದು ಏಳು ಕಂಪನಿ ಮಾಡಿದ ಮೇಲೇನೇ 2023ರಲ್ಲಿ ಪ್ರಬಲ್ ಬಂದದ್ದು, ಸಿಲಿಂಡರ್ ಪಕ್ಕಕ್ಕೆ ತೆರೆಯೋ ಅಂಥದ್ದು, 50 ಮೀಟರ್ ರೇಂಜ್ ಅಂತಾರೆ. ಮಾಲು ಸುಧಾರಿಸಿದೆ ಅನ್ನೋದನ್ನ ಒಪ್ತೀನಿ, ರೇಟು ಮಾತ್ರ ಇಳಿದಿಲ್ಲ.

ಬೆಳಗಾವಿ ಎಕ್ಸ್‌ಸರ್ವಿಸ್: ಹೌದ್ರಿ, ತಿಳೀತು. ಥ್ಯಾಂಕ್ಸ್ ರಿ.

ಹೊಸ ಮೆಂಬರ್: ಸರ್ ಪ್ರಬಲ್ ರೇಟ್ ಪ್ಲೀಸ್

ಕೋವಿ ಅಂಗಡಿ: ಮೇಲೆ ಓದಿ.

ಡಲ್ಲಾಸ್ ಕನ್ನಡಿಗ: ಇಲ್ಲಿ ಮಾರ್ಕೆಟ್ ಹೇಗೆ ಕೆಲಸ ಮಾಡುತ್ತೆ ಹೇಳ್ತೀನಿ ಕೇಳಿ. 2012ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಪಿಸ್ತೂಲ್ ಬಂದಾಗ ಲಿಸ್ಟ್ ಪ್ರೈಸ್ 449 ಡಾಲರ್. 2018ರಲ್ಲಿ ಸಿಗ್ ಸಾವರ್ ಪಿ365 ತಂದ, ಅಷ್ಟೇ ಸಣ್ಣ ಪಿಸ್ತೂಲಲ್ಲಿ ಹತ್ತು ರೌಂಡು (ಗುಂಡು), ಮರುವರ್ಷ ಸ್ಪ್ರಿಂಗ್‌ಫೀಲ್ಡ್‌ನವನು ಹೆಲ್‌ಕ್ಯಾಟ್‌ನಲ್ಲಿ ಹನ್ನೊಂದು ಕೊಟ್ಟ. 2016ರ ಎಲೆಕ್ಷನ್ ಆದ್ಮೇಲೆ ಇನ್ನು ಕೋವಿ ಬ್ಯಾನ್ ಆಗಲ್ಲ ಅಂತ ಜನ ಕೊಳ್ಳೋದು ಕಮ್ಮಿ ಮಾಡಿದ್ರು, ಕಂಪನಿಗಳು ರಿಬೇಟ್ ಮೇಲೆ ರಿಬೇಟ್ ಕೊಟ್ವು, ರೆಮಿಂಗ್ಟನ್ 2018ರಲ್ಲೂ 2020ರಲ್ಲೂ ದಿವಾಳಿ ಅರ್ಜಿ ಹಾಕ್ತು, ಕೋಲ್ಟ್‌ನ 2021ರಲ್ಲಿ ಜೆಕ್ ಕಂಪನಿ ಸಿಝಡ್ ಕೊಂಡುಕೊಳ್ತು. ಮಾರ್ಕೆಟ್ ಓಪನ್ ಬಿಟ್ರೆ ಜನಕ್ಕೇ ಲಾಭ, ಇಂಡಿಯಾದಲ್ಲೂ ಬಿಡಬೇಕು.

ತುಮಕೂರು ಟೀಚರ್: ಲಾಭ ಯಾರಿಗೆ ಅಂತ ಅಲ್ಲಿ ಮಕ್ಕಳನ್ನ ಕಳ್ಕೊಂಡೋರನ್ನ ಕೇಳಿ. ನಿಮ್ಮ ಟೆಕ್ಸಸ್‌ನಲ್ಲೇ 2022ರಲ್ಲಿ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ರು.

ಡಲ್ಲಾಸ್ ಕನ್ನಡಿಗ: ಅದು ರೈಫಲ್ ಮೇಡಂ. ಇಲ್ಲಿ ಮಾತಾಡ್ತಿರೋದು ಪಿಸ್ತೂಲ್ ಬಗ್ಗೆ. ವಿಷಯ ತಿಳ್ಕೊಂಡು ಬರೀರಿ.

ತುಮಕೂರು ಟೀಚರ್: ತಿಳ್ಕೊಂಡೇ ಬರೀತಿದೀನಿ. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನ ಕೊಂದದ್ದು ಎರಡೇ ಎರಡು ಪಿಸ್ತೂಲಿಂದ, ಎರಡೂ ಡೀಲರ್‌ಗಳ ಮೂಲಕ ಕೊಂಡದ್ದು. ಅದರಲ್ಲಿ ನಮ್ಮ ದೇಶದ ಪ್ರೊಫೆಸರ್ ಲೋಗನಾಥನ್ ಅವರೂ ಇದ್ರು, ಪಾಠ ಮಾಡ್ತಿದ್ದಾಗ ಹೋದ್ರು. ರೇಟು ಇಳಿದ್ರೆ ಖುಷಿ ಪಡೋಕೆ ಇದೇನು ಟೊಮೆಟೊನಾ?

ಡಲ್ಲಾಸ್ ಕನ್ನಡಿಗ: ಎಮೋಷನಲ್ ಆಗಬೇಡಿ.

ತುಮಕೂರು ಟೀಚರ್: ಆಗ್ತೀನಿ. ನಾನು ದಿನಾ ನಲವತ್ತು ಮಕ್ಕಳ ಮುಂದೆ ನಿಲ್ಲೋಳು.

ಅಡ್ಮಿನ್: ಇಬ್ರೂ ಸಾಕು ಮಾಡಿ, ಪ್ರಶ್ನೆ ಮಾತ್ರ.

ಸಕಲೇಶಪುರ ಕಾಫಿ: ಸರ್ ನಮಸ್ತೆ, ನಮ್ಮಪ್ಪ ಹೋದ ವರ್ಷ ತೀರಿಕೊಂಡ್ರು. ಅವರದು ಒಂದು ಹಳೇ ವೆಬ್ಲಿ .32 ರಿವಾಲ್ವರ್ ಬೀರುವಲ್ಲಿದೆ, ಜೊತೆಗೆ ತೋಟಾ, ಅಂದ್ರೆ ಗುಂಡೂ ಇದೆ, ಲೈಸೆನ್ಸ್ ಪುಸ್ತಕ 2019ಕ್ಕೇ ಮುಗಿದಿದೆ, ಅಪ್ಪ ಹುಷಾರಿಲ್ಲದೆ ರಿನ್ಯೂ ಮಾಡ್ಸಿರಲಿಲ್ಲ. ಈಗ ಒಬ್ರು ಬ್ರೋಕರ್ ಬಂದು, ವೆಬ್ಲಿ ಇಂಡಿಯಾದಲ್ಲೇ ತಯಾರಾಗ್ತಿದೆ, ಹಳೇದಕ್ಕೆ ಇನ್ನು ಗುಜರಿ ರೇಟು, 60 ಸಾವಿರಕ್ಕೆ ಈ ವಾರನೇ ಕೊಡಿ, ಬೆಲೆ ಕಟ್ಟಿಸೋಕೆ ಮನೆಗೆ ತಗೊಂಡು ಹೋಗ್ತೀನಿ, ಪೇಪರ್ ಆಮೇಲೆ ನೋಡೋಣ ಅಂತಿದಾರೆ. ತಮ್ಮ ಕೊಟ್ಟುಬಿಡು ಅಂತಾನೆ. ರಜೆಗೆ ಮಕ್ಕಳೆಲ್ಲ ಮನೇಲೇ ಇದಾರೆ, ಅದೂ ಒಂದು ಭಯ. ಏನ್ ಮಾಡ್ಲಿ?

ಬೀದರ್ ಬಂಧು: ಮೇಡಂ ಮಾರೋ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಆಮೇಲೆ ನಳಿಗೆಗೆ ಕೊಬ್ಬರಿ ಎಣ್ಣೆ ಬಿಡಿ, ಹೊಸದರಂಗೆ ಹೊಳೀತದ, ಡಬಲ್ ರೇಟ್ ಬರ್ತದ. ಹಳೇ ತೋಟಾ ಬಿಸಲಾಗ ಎರಡು ದಿನ ಒಣಗಿಸ್ರಿ. ಫಾರ್ವರ್ಡ್ ಬಂದಿತ್ತು.

ಕೋವಿ ಅಂಗಡಿ: ಮೊದಲು ಆ ಫಾರ್ವರ್ಡ್ ಕಳ್ಸಿದವರಿಗೆ. ದಯವಿಟ್ಟು ಅಳಿಸಿ. ತೋಟಾ ಬಿಸಿಲಿಗಿಡೋದು ಅಂದ್ರೆ ಏನು ಗೊತ್ತಾ? ಅದರೊಳಗಿರೋದು ಮದ್ದು, ಹಪ್ಪಳ ಅಲ್ಲ. ಹುಣಸೆಹುಳಿ ತಿಕ್ಕಿದ್ರೆ ಮೇಲಿನ ಕಪ್ಪು-ನೀಲಿ ಲೇಪ, ಬ್ಲೂಯಿಂಗ್ ಅಂತಾರೆ, ಅದು ಎದ್ದು ಹೋಗುತ್ತೆ, ಹಳೇ ಆಯುಧಕ್ಕೆ ಬೆಲೆ ಇರೋದೇ ಆ ಅಸಲಿ ಫಿನಿಶಿಂಗ್ ಮೇಲೆ. ಕೊಬ್ಬರಿ ಎಣ್ಣೆ ಮಲೆನಾಡಿನ ಚಳಿಗೆ ಗಟ್ಟಿಯಾಗಿ ಒಳಗೆ ಜಿಡ್ಡು ಕಟ್ಟುತ್ತೆ. ಹಾಗೆ ತಿಕ್ಕಿ ಬೆಳ್ಳಗೆ ಮಾಡಿ ತಂದ ಎಷ್ಟೋ ರಿವಾಲ್ವರ್ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಈಗ ನೀವು ಕೇಳಿ ತಾಯಿ. ರೇಟಿನ ಮಾತು ಆಮೇಲೆ. ಅಪ್ಪನ ಹೆಸರಿನ ಲೈಸೆನ್ಸು ಅಪ್ಪನ ಜೊತೆಗೇ ಮುಗೀತು, ಅದೂ 2019ಕ್ಕೇ ಮುಗಿದಿದೆ. ಆದ್ರಿಂದ ಇವತ್ತು ಆ ಬೀರುವಲ್ಲಿರೋ ವಸ್ತುವಿಗೆ ನಿಮ್ಮ ಮನೇಲಿ ಯಾರಿಗೂ ಹಕ್ಕಿಲ್ಲ. ಆಯುಧ ಕಾಯ್ದೆ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ರನೋ ಡೆಪಾಸಿಟ್ ಮಾಡಬೇಕು. ನೀವಾಗಿ ತೆರೆಯೋಕೆ, ಗುಂಡು ತೆಗೆಯೋಕೆ ಹೋಗಬೇಡಿ. ಬೀರು ಬೀಗ ಹಾಕಿ ಬೀಗದಕೈ ನಿಮ್ಮ ಸೊಂಟದಲ್ಲಿರಲಿ, ಮಕ್ಕಳನ್ನ ಆ ರೂಮಿಗೆ ಬಿಡಬೇಡಿ. ನಾಳೆ ಬೆಳಿಗ್ಗೆ ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ, ಅವರು ಹೇಳಿದಂಗೆ ಮಾಡಿ. ಹೇಳದೆ ಕೇಳದೆ ಬ್ಯಾಗಲ್ಲಿ ಹಾಕ್ಕೊಂಡು ಬಸ್ಸು ಹತ್ತಬೇಡಿ. ನಂಬರ್, ಬೋರು, ತೋಟಾ ಎಷ್ಟು ಅನ್ನೋದು ಬರೆದಿರೋ ರಸೀದಿ ಕೈಗೆ ಬರೋವರೆಗೂ ವಾಪಸ್ ಬರಬೇಡಿ.

ಬ್ರೋಕರ್ ಕೈಗೆ ಒಂದು ಗಂಟೆಗೂ ಕೊಡಬೇಡಿ. ಬೆಲೆ ಕಟ್ಟಿಸ್ತೀನಿ ಅಂತ ತಗೊಂಡು ಹೋದ್ರೆ ಕೇಸು ಅವನ ಮೇಲೂ ನಿಮ್ಮ ಮೇಲೂ ಆಗುತ್ತೆ. ಅದು ನಾಳೆ ಇನ್ಯಾರದೋ ಕೈಗೆ ಹೋಗಿ ಅನಾಹುತ ಆದ್ರೆ ನಂಬರ್ ಹಿಡ್ಕೊಂಡು ಪೊಲೀಸರು ಬರೋದು ನಿಮ್ಮ ಅಪ್ಪನ ಹೆಸರಿಗೆ. ನನಗೆ ಭಯ ಆಗ್ತಿರೋದು ಇದೇ.

ಆಮೇಲೆ ಎರಡು ದಾರಿ. ಇಟ್ಕೋಬೇಕು ಅಂದ್ರೆ 2016ರ ಆಯುಧ ನಿಯಮ 25ರಲ್ಲಿ ವಾರಸುದಾರರಿಗೆ ಅಂತಲೇ ಅವಕಾಶ ಇದೆ, ನೀವೋ ತಮ್ಮನೋ ಒಬ್ರು ಅರ್ಜಿ ಹಾಕಬಹುದು, ಉಳಿದ ವಾರಸುದಾರರ ಒಪ್ಪಿಗೆ ಬರೆಸಿಟ್ಕೊಳ್ಳಿ. ಆದ್ರೆ 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು, ಪಿತ್ರಾರ್ಜಿತ ಅಂದ್ರೂ ಈ ಎರಡರೊಳಗೇ ಬರಬೇಕು. ತಮ್ಮನ ಹತ್ರ ತೋಟದ ಕೋವಿಗಳು ಆಗಲೇ ಎರಡಿದ್ರೆ ಅವರಿಗೆ ಆಗಲ್ಲ. ಮಾರಬೇಕು ಅಂದ್ರೆ ಡೆಪಾಸಿಟ್ ಆದ ಮೇಲೆ ಡೀಲರ್ ಮೂಲಕ, ಅನುಮತಿ ತಗೊಂಡು, ಲೈಸೆನ್ಸ್ ಇರೋರಿಗೆ ಮಾತ್ರ.

ಈಗ ರೇಟು. ಗುಜರಿ ಅನ್ನೋದು ಸುಳ್ಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ವೆಬ್ಲಿಯವರು ಪಿಸ್ತೂಲ್-ರಿವಾಲ್ವರ್ ಮಾಡೋದು ನಿಲ್ಲಿಸಿದ್ದೇ 1979ರಲ್ಲಿ. ಇಂಪೋರ್ಟ್ ಬಂದ್, ಅಸಲಿ ತಯಾರಿಕೆನೂ ಬಂದ್, ಇದ್ದದ್ದು ಇಷ್ಟೇ, ಹೊಸದಾಗಿ ಒಂದೂ ಸೇರಲ್ಲ. ಸಂಡೀಲಾದ ಮಾಲು ಹೊಸ ಮಾಲು, ಅದು ಕಾನ್ಪುರದವರ ಜೊತೆ ಪೈಪೋಟಿ ಮಾಡುತ್ತೆ, ನಿಮ್ಮ ಅಪ್ಪನ ರಿವಾಲ್ವರ್ ಜೊತೆ ಅಲ್ಲ. ಹೊಸದರ ಮೇಲೆ ಟ್ಯಾಕ್ಸ್ 40 ಆದ ಮೇಲಂತೂ ಹಳೇದನ್ನ ಹುಡುಕೋರು ಜಾಸ್ತಿ ಆಗಿದಾರೆ. ನಳಿಗೆ ಒಳಗೆ ತುಕ್ಕು ತಿಂದಿಲ್ಲ, ಸಿಲಿಂಡರ್ ಅಲ್ಲಾಡಲ್ಲ, ನಂಬರ್ ಅಳಿಸಿಲ್ಲ ಅಂದ್ರೆ 60 ಸಾವಿರ ಅನ್ನೋದು ನಿಮ್ಮನ್ನ ಹೆದರಿಸಿ ಕಿತ್ಕೊಳ್ಳೋ ರೇಟು. ನೋಡದೆ ಎಷ್ಟು ಅಂತ ನಾನೂ ಹೇಳಲ್ಲ. ಡೆಪಾಸಿಟ್ ಆದ ಮೇಲೆ ಎರಡು ಮೂರು ಡೀಲರ್ ಕೈಲಿ ನೋಡಿಸಿ, ಆತುರ ಬೇಡ.

ಸಕಲೇಶಪುರ ಕಾಫಿ: ತುಂಬಾ ಉಪಕಾರ ಆಯ್ತು ಸರ್. ಬೀರು ಬೀಗ ಈಗಲೇ ಹಾಕಿದೆ. ಬೆಳಿಗ್ಗೆ ಠಾಣೆಗೆ ಫೋನ್ ಮಾಡ್ತೀನಿ.

ಬೀದರ್ ಬಂಧು: ನಾನೇನ್ ಕೆಟ್ಟದ್ದು ಹೇಳಿಲ್ಲ, ಒಳ್ಳೇದಕ್ಕೇ ಕಳಿಸಿದ್ದು. ಇಷ್ಟು ಬೈಬೇಕಾಗಿರಲಿಲ್ಲ.

ಕೋವಿ ಅಂಗಡಿ: ಮಕ್ಕಳಿರೋ ಮನೆಗೆ ತೋಟಾ ಬಿಸಿಲಿಗಿಡಿ ಅಂದ್ರಿ. ಬೈಲೇಬೇಕು.

ಮಂಡ್ಯ ಮಗ: ಕೊಡಗಲ್ಲಿ ಲೈಸೆನ್ಸೇ ಬೇಡವಂತೆ, ಒಂದೇ ಜನಕ್ಕೆ ಯಾಕೆ ಈ ಸವಲತ್ತು? ನಮ್ಮೂರಲ್ಲೂ ಚಿರತೆ ಇದೆ, ಹಂದಿ ಇದೆ.

ಮಡಿಕೇರಿ ಹುಡ್ಗ: ಸವಲತ್ತಲ್ಲ ಅದು, ನಮ್ಮ ಆಯುಧ ಪೂಜೆ ಹಬ್ಬ ಕೈಲ್ ಪೊಳ್ದ್ ಗೊತ್ತಾ ನಿಮ್ಗೆ? ಮಗು ಹುಟ್ಟಿದ್ರೂ ಕೋವಿ, ಸತ್ರೂ ಕೋವಿ. ಈ ವಿನಾಯಿತಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇದೆ, 2029ರವರೆಗೆ ಕೇಂದ್ರ ಸರ್ಕಾರ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿದಿದೆ.

ಮಂಡ್ಯ ಮಗ: ಕೋರ್ಟ್ ಹೇಳಿದ್ರೆ ಪ್ರಶ್ನೆ ಕೇಳಬಾರ್ದಾ? ಸಂಪ್ರದಾಯ ಅಂತ ಎಲ್ರೂ ಕೇಳಿದ್ರೆ?

ಮಡಿಕೇರಿ ಹುಡ್ಗ: ಕೇಳಿ, ಯಾರು ಬೇಡ ಅಂದ್ರು. ನಮ್ಮನ್ನ ಯಾಕೆ ಎಳೀತೀರ.

ಮಂಡ್ಯ ಮಗ: ನೀವೇ ಗ್ರೂಪಲ್ಲಿ ಕೋವಿ ಫೋಟೋ ಹಾಕೋದು ತಾನೇ.

ಕೋವಿ ಅಂಗಡಿ: ಈ ಜಗಳ ಬೇರೆ ಕಡೆ ಇಟ್ಕೊಳ್ಳಿ. ವಿನಾಯಿತಿ ಇದ್ರೂ ಅಂಗಡಿಗೆ ಬಂದಾಗ ಡಿ.ಸಿ ಆಫೀಸಿನ ಪತ್ರ ತೋರಿಸಲೇಬೇಕು, ರೇಟೂ ಟ್ಯಾಕ್ಸೂ ಎಲ್ರಿಗೂ ಒಂದೇ.

ಬೆಂಗಳೂರು ಟೆಕ್ಕಿ: ಸರ್ ಬೆಂಗಳೂರಲ್ಲೇ ಕೋವಿ ಮಾಡೋ ಎಸ್‌ಎಸ್‌ಎಸ್ ಡಿಫೆನ್ಸ್ ಇದೆಯಲ್ಲ, ಹಿಸಾರ್‌ನಲ್ಲಿ ಜಿಂದಾಲ್ ಜೊತೆ ಬ್ರೆಜಿಲ್‌ನ ಟಾರಸ್ ಬಂದಿದೆ, ಗ್ವಾಲಿಯರ್ ಹತ್ರ ಅದಾನಿಯವರದ್ದು. ಇವರೆಲ್ಲ ಸೇರಿದ್ರೆ ಇನ್ನೈದು ವರ್ಷದಲ್ಲಿ ರೇಟು ಬೀಳಲ್ವಾ?

ಕೋವಿ ಅಂಗಡಿ: ಅವರ ಕಣ್ಣು ಹೆಚ್ಚಾಗಿ ಸೈನ್ಯ, ಪೊಲೀಸ್, ಎಕ್ಸ್‌ಪೋರ್ಟ್ ಮೇಲೆ. ಅಲ್ಲಿ ಒಂದು ಟೆಂಡರ್ ಗೆದ್ರೆ ಸಾವಿರಗಟ್ಟಲೆ ಹೋಗುತ್ತೆ, ನಿಮಗೆ ನನಗೆ ಒಂದೊಂದು ಮಾರಿ ಏನು ಸಿಗುತ್ತೆ. ಟ್ಯಾಕ್ಸ್ 40 ಇರೋವರೆಗೂ ಬೀಳುತ್ತೆ ಅಂತ ಕಾಯಬೇಡಿ.

ದಾವಣಗೆರೆ ರೈಸ್‌ಮಿಲ್: ಸರ್ ಹಾಗಾದ್ರೆ ನಾನು .32 ಪಿಸ್ತೂಲ್ ತಗೊಳ್ಳೋದಾ ರಿವಾಲ್ವರ್ ತಗೊಳ್ಳೋದಾ? ತೋಟಾ ಯಾವುದಕ್ಕೆ ಸುಲಭವಾಗಿ ಸಿಗುತ್ತೆ?

ಹೊಸ ಮೆಂಬರ್: ಪ್ರಬಲ್ 50 ಸಾವಿರಕ್ಕೆ ಹೋಮ್ ಡೆಲಿವರಿ ಅಂತ ಇನ್‌ಸ್ಟಾದಲ್ಲಿ ಆಡ್ ಬಂದಿದೆ, 5 ಸಾವಿರ ಅಡ್ವಾನ್ಸ್ ಕೇಳ್ತಿದಾರೆ. ಹಾಕ್ಲಾ?

ಕೋವಿ ಅಂಗಡಿ: ಹಾಕಬೇಡಿ. ಕೊರಿಯರ್‌ನಲ್ಲಿ ಮನೆಗೆ ರಿವಾಲ್ವರ್ ಬರೋದು ಅಂತ ಈ ದೇಶದಲ್ಲಿ ಇಲ್ಲ. ದುಡ್ಡು ಹೋದ್ರೆ ಬರೀ ದುಡ್ಡು ಹೋಯ್ತು, ಮಾಲು ನಿಜವಾಗ್ಲೂ ಬಂದ್ರೆ ನೀವು ಜೈಲಿಗೆ. ಆಗಲೇ ದುಡ್ಡು ಕಳ್ಸಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಡಲ್ಲಾಸ್ ಕನ್ನಡಿಗ: ನೋಡಿ, ಮಾರ್ಕೆಟ್ ಕ್ಲೋಸ್ ಇದ್ರೆ ಇಂಥವರೇ ಹುಟ್ಟೋದು.

ತುಮಕೂರು ಟೀಚರ್: ಮತ್ತೆ ಶುರು ಮಾಡ್ಬೇಡಿ.

ಮಂಡ್ಯ ಮಗ: ಅಣ್ಣ ಕೊನೇದಾಗಿ ಪ್ರಬಲ್ ಅಂದಾಜು ಎಷ್ಟು ಅಂತ ಹೇಳ್ಬಿಡಿ

ಕೋವಿ ಅಂಗಡಿ: ಲೈಸೆನ್ಸ್ ಇದೆಯಾ ನಿಮ್ಮ ಹತ್ರ?

ಮಂಡ್ಯ ಮಗ: ಇಲ್ಲ, ಸುಮ್ನೆ ಕೇಳ್ದೆ

ಕೋವಿ ಅಂಗಡಿ: ಅಡ್ಮಿನ್ ಅವರೇ, ಇವತ್ತಿಗೆ ನಾನು ಮುಗಿಸ್ತೀನಿ. ಸಕಲೇಶಪುರದ ತಾಯಿ, ಠಾಣೆಯವರು ಏನಂದ್ರು ಅಂತ ನಾಳೆ ನನಗೆ ಮೆಸೇಜ್ ಹಾಕಿ.