ಎಚ್-ಇಂಡೆಕ್ಸ್ ಒಂದು ಕಡೆ 18, ಇನ್ನೊಂದು ಕಡೆ 27: ಯಾವುದನ್ನು ಬರೆಯಲಿ?

ಪೆಟ್ರಿತಟ್ಟೆ | ಸೋಮವಾರ, ರಾತ್ರಿ 11.40

ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಬಡ್ತಿಯ ಅರ್ಜಿ ಶುಕ್ರವಾರ ಸಂಜೆಯೊಳಗೆ ಹೋಗಬೇಕು. ಪ್ರಕಟಣೆಗಳ ಪಟ್ಟಿ, ಒಟ್ಟು ಸೈಟೇಶನ್ (ನನ್ನ ಪೇಪರ್‌ಗಳನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬುದು), ಎಚ್-ಇಂಡೆಕ್ಸ್ (18 ಎಂದರೆ ತಲಾ ಕನಿಷ್ಠ 18 ಸೈಟೇಶನ್ ಇರುವ 18 ಪೇಪರ್ ಇವೆ ಎಂದರ್ಥ) ಮೂರನ್ನೂ ತುಂಬಬೇಕು. ಸಂಸ್ಥೆ ಚಂದಾ ಕಟ್ಟಿರುವ ಸಂಶೋಧನಾ ಲೇಖನಗಳ ದತ್ತಸಂಚಯದಲ್ಲಿ ನನ್ನ ಎಚ್-ಇಂಡೆಕ್ಸ್ 18. ಗೂಗಲ್ ಸ್ಕಾಲರ್‌ನಲ್ಲಿ 27. ಬಾಯಿಯ ಕ್ಯಾನ್ಸರ್ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದೇನೆ. ಅತಿ ಹೆಚ್ಚು ಸೈಟೇಶನ್ ಇರುವ ನನ್ನ ಪೇಪರೇ ಚಂದಾದ ಪಟ್ಟಿಯಲ್ಲಿ ಕಾಣುತ್ತಿಲ್ಲ. ಬೇರೆ ಬ್ರೌಸರ್‌ನಲ್ಲಿಯೂ ತೆರೆದು ನೋಡಿದೆ, ಅದೇ ಕತೆ. ಎಲ್ಲಿ ತಪ್ಪಿದೆ?

ಹದಿನಾರಂಕಿ | ಮಂಗಳವಾರ, ಬೆಳಿಗ್ಗೆ 6.15

ಸರ್, ಆರ್ಕಿಡ್ ಐಡಿ ಮಾಡಿಸಿದ್ದೀರಾ? ನೂರಕ್ಕೆ ತೊಂಬತ್ತು ಪಾಲು ಸಮಸ್ಯೆ ಅಲ್ಲೇ ಇರುತ್ತದೆ. ಅದು ಪ್ರತಿ ಸಂಶೋಧಕರಿಗೂ ಬೇರೆಯಾಗಿ ಸಿಗುವ ಹದಿನಾರು ಅಂಕಿಯ ಗುರುತು, ಕೊನೆಯ ಸ್ಥಾನದಲ್ಲಿ ಎಕ್ಸ್ ಅಕ್ಷರವೂ ಬರಬಹುದು. ದತ್ತಸಂಚಯ ನಿಮ್ಮ ಪೇಪರ್‌ಗಳನ್ನು ಒಟ್ಟಿಗೆ ಇಡುವ ಲೇಖಕ ಗುರುತಿಗೆ ಅದನ್ನು ಜೋಡಿಸಿ. ಎಲ್ಲವೂ ಸರಿಹೋಗುತ್ತದೆ.

ಪೆಟ್ರಿತಟ್ಟೆ | ಬೆಳಿಗ್ಗೆ 8.02

ಸರ್ ಅಲ್ಲ, ಮೇಡಂ. ಆರ್ಕಿಡ್ 2015ರಿಂದಲೇ ಇದೆ, ಜೋಡಿಸಿಯೂ ಆಗಿದೆ. 18 ಹಾಗೆಯೇ ಇದೆ.

ಹದಿನಾರಂಕಿ | ಬೆಳಿಗ್ಗೆ 8.10

ಕ್ಷಮಿಸಿ ಮೇಡಂ. ಹಾಗಾದರೆ ಜೋಡಣೆ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಜೋಡಿಸಿ. ಹೊಸ ಪೇಪರ್‌ಗಳು ತಾವಾಗಿಯೇ ಸೇರುವಂತೆ ಲೇಖನಗಳಿಗೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಕೊಡುವ ಕ್ರಾಸ್‌ರೆಫ್‌ಗೆ ಅನುಮತಿ ಕೊಟ್ಟಿದ್ದೀರಾ, ಅದನ್ನೂ ನೋಡಿ.

ಸೂಕ್ಷ್ಮದರ್ಶಕ | ಬೆಳಿಗ್ಗೆ 9.30

ಈ ಅಂಕಿಯ ಹಿಂದೆ ಯಾಕೆ ಓಡುತ್ತೀರಿ ಮೇಡಂ? ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಪ್ರಸ್ತಾಪಿಸಿದ ಅಳತೆ ಇದು. ಮನುಷ್ಯನ ಇಡೀ ಕೆಲಸವನ್ನು ಒಂದು ಸಂಖ್ಯೆಗೆ ಇಳಿಸುವುದು ಅನ್ಯಾಯ ಎಂದು ನಾನು ಮನಸಾರೆ ನಂಬಿದ್ದೇನೆ. ಪೇಟನ್ ರೌಸ್ ಕೋಳಿಯ ಗಡ್ಡೆಯಿಂದ ಸೋಸಿದ ದ್ರವದಲ್ಲಿ ಜೀವಕೋಶವೇ ಇಲ್ಲದಿದ್ದರೂ ಅದು ಮತ್ತೊಂದು ಕೋಳಿಗೆ ಗಡ್ಡೆ ತರುತ್ತದೆ ಎಂದು 1911ರಲ್ಲಿ ಬರೆದರು. ನೊಬೆಲ್ ಬಂದದ್ದು 1966ರಲ್ಲಿ. ಆ 55 ವರ್ಷಗಳ ನಡುವೆ ಅವರ ಬಡ್ತಿಯ ಅರ್ಜಿ ಯಾರಾದರೂ ಕೇಳಿದ್ದರೆ ಯಾವ ಇಂಡೆಕ್ಸ್ ಅವರನ್ನು ಕಾಪಾಡುತ್ತಿತ್ತು? ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರನ್ನೇ ತೆಗೆದುಕೊಳ್ಳಿ. ಮಕ್ಕಳ ರಕ್ತಕ್ಯಾನ್ಸರ್‌ಗೆ ಅಮಿನೋಪ್ಟೆರಿನ್ ಎಂಬ ಔಷಧ ಕೊಟ್ಟ 1948ರ ಫಾರ್ಬರ್ ಪೇಪರ್‌ನಲ್ಲಿ ಅವರೂ ಸಹಲೇಖಕರು. ಎಷ್ಟು ಜನರಿಗೆ ಗೊತ್ತು?

ಹಳೆಯ ಗ್ರಂಥಪಾಲಕ | ಬೆಳಿಗ್ಗೆ 10.05

ಸೂಕ್ಷ್ಮದರ್ಶಕ ಅವರೇ, ಆ ಪೇಪರ್‌ನಲ್ಲಿ ಐವರು ಲೇಖಕರು: ಫಾರ್ಬರ್, ಡೈಮಂಡ್, ಮರ್ಸರ್, ಸಿಲ್ವೆಸ್ಟರ್, ವುಲ್ಫ್. ಸುಬ್ಬರಾವ್ ಅವರ ಹೆಸರು ಲೇಖಕರ ಸಾಲಿನಲ್ಲಿ ಇಲ್ಲ. ಔಷಧವನ್ನು ತಯಾರಿಸಿ ಕೊಟ್ಟದ್ದು ಅವರ ನೇತೃತ್ವದ, ಅಮೆರಿಕದ ಲೆಡರ್ಲೆ ಔಷಧ ಕಂಪನಿಯ ತಂಡ. ಆದ್ದರಿಂದ ನಿಮ್ಮ ಮಾತಿಗೆ ಇದು ಇನ್ನೂ ಬಲವಾದ ಉದಾಹರಣೆಯೇ, ಆದರೆ ವಿವರ ಸರಿಯಿರಲಿ.

ಪೆಟ್ರಿತಟ್ಟೆ ಮೇಡಂ, ನಿಮ್ಮ ಹೆಸರು ಪೇಪರ್‌ಗಳಲ್ಲಿ ಎಲ್ಲ ಕಡೆ ಒಂದೇ ರೀತಿ ಅಚ್ಚಾಗಿದೆಯೇ?

ಬಿಬ್‌ಟೆಕ್ ಭಟ್ಟ | ಬೆಳಿಗ್ಗೆ 10.40

ಮೊದಲು ಎಲ್ಲವನ್ನೂ ಪೇಪರ್‌ಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶಕ್ಕೆ ಎಳೆದುಕೊಳ್ಳಿ ಮೇಡಂ. ನನ್ನ ಸಂಗ್ರಹದಲ್ಲಿ ಈಗ 4,200 ದಾಖಲೆಗಳಿವೆ, ಪ್ರತಿ ಪಿಡಿಎಫ್‌ಗೂ ವರ್ಷ, ಲೇಖಕ, ಶೀರ್ಷಿಕೆ ಎಂಬ ಕ್ರಮದಲ್ಲಿ ಹೆಸರು. ಮನೆಯಲ್ಲೇ ಒಂದು ಪುಟ್ಟ ಸರ್ವರ್ ಇಟ್ಟು ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಆಗುವಂತೆ ಮಾಡಿದ್ದೇನೆ. ಬಿಬ್‌ಟೆಕ್ ಕಡತ, ಅಂದರೆ ಉಲ್ಲೇಖಗಳ ಪಟ್ಟಿ, ತಾನೇ ತಾನಾಗಿ ಹೊಸದಾಗುತ್ತದೆ. ನಕಲು ದಾಖಲೆಗಳನ್ನು ಒಂದು ಗುಂಡಿ ಒತ್ತಿ ವಿಲೀನ ಮಾಡಬಹುದು.

ಹಳೆಯ ಗ್ರಂಥಪಾಲಕ | ಬೆಳಿಗ್ಗೆ 10.52

ಭಟ್ಟರೇ, ಅದು ನಿಮ್ಮ ಕಂಪ್ಯೂಟರ್‌ನೊಳಗಿನ ವಿಲೀನ. ದತ್ತಸಂಚಯದ ಲೇಖಕ ಗುರುತಿಗೂ ಅದಕ್ಕೂ ಸಂಬಂಧವಿಲ್ಲ.

ಹದಿನಾರಂಕಿ | ಬೆಳಿಗ್ಗೆ 11.20

ಬಿಚ್ಚಿ ಜೋಡಿಸಿದಿರಾ ಮೇಡಂ?

ಪೆಟ್ರಿತಟ್ಟೆ | ಮಧ್ಯಾಹ್ನ 1.15

ಬಿಚ್ಚಿ ಜೋಡಿಸಿದೆ, ಏನೂ ಬದಲಾಗಲಿಲ್ಲ.

ಗ್ರಂಥಪಾಲಕ ಸರ್, ನೀವು ಕೇಳಿದ ಮೇಲೆ ಹೊಳೆಯಿತು. ಇದನ್ನು ಮೊದಲೇ ಹೇಳಬೇಕಿತ್ತು. 2010ರವರೆಗೆ ನಮ್ಮ ಕಡೆಯ ರೂಢಿಯಂತೆ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಕೊನೆಗೆ ನನ್ನ ಹೆಸರು ಎಂದು ಬರೆಯುತ್ತಿದ್ದೆ. 2011ರಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗ ಉಪನಾಮದ ಜಾಗದಲ್ಲಿ ಅಪ್ಪನ ಹೆಸರನ್ನು ಬಿಡಿಸಿ ಬರೆಯಬೇಕಾಯಿತು. ವಿದೇಶಿ ಸಮ್ಮೇಳನಗಳಿಗೆ ಅದೇ ಹೆಸರು, ನಂತರದ ಪೇಪರ್‌ಗಳಿಗೂ ಅದೇ. ಪರಿಣಾಮವಾಗಿ ಜರ್ನಲ್‌ಗಳಲ್ಲಿ ನಾನು ಅಪ್ಪನ ಹೆಸರಿನಲ್ಲಿ ಇದ್ದೇನೆ, ನನ್ನ ಹೆಸರು ಒಂದಕ್ಷರವಾಗಿ ಹಿಂದೆ ನಿಂತಿದೆ. ಸಂಪಾದಕರ ಪತ್ರಗಳು ಇವತ್ತಿಗೂ ‘ಪ್ರಿಯ ಡಾಕ್ಟರ್’ ಎಂದು ಅಪ್ಪನನ್ನು ಕೂಗಿ ಬರುತ್ತವೆ. ಅವರು ಹೈಸ್ಕೂಲ್ ಮೇಷ್ಟ್ರಾಗಿದ್ದರು, ತೀರಿಕೊಂಡು ಒಂಬತ್ತು ವರ್ಷವಾಯಿತು.

ಹಳೆಯ ಗ್ರಂಥಪಾಲಕ | ಮಧ್ಯಾಹ್ನ 1.50

ಸಮಸ್ಯೆ ಸಿಕ್ಕಿತು ಮೇಡಂ. ಯಂತ್ರದ ಕಣ್ಣಿಗೆ ನೀವು ಇಬ್ಬರು. ಆರ್ಕಿಡ್ ಶುರುವಾದದ್ದೇ 2012ರ ಅಕ್ಟೋಬರ್‌ನಲ್ಲಿ, ನಿಮ್ಮ ಹಳೆಯ ಪೇಪರ್‌ಗಳ ಮೇಲೆ ಆ ಗುರುತು ಇರಲು ಸಾಧ್ಯವೇ ಇಲ್ಲ. ಈಗ ಹೀಗೆ ಮಾಡಿ. ಲೇಖಕ ಹುಡುಕಾಟಕ್ಕೆ ಹೋಗಿ ಹಳೆಯ ಇನಿಷಿಯಲ್‌ಗಳನ್ನು ಹಾಕಿ. ಊರಿನ ಅಕ್ಷರ ಒಂದನ್ನೇ, ಅಪ್ಪನ ಅಕ್ಷರ ಒಂದನ್ನೇ, ಎರಡನ್ನೂ ತಿರುವುಮುರುವಾಗಿ, ಹೀಗೆ ಎಲ್ಲ ರೂಪಗಳಲ್ಲೂ ಹುಡುಕಿ. ವೈದ್ಯಕೀಯ ಲೇಖನಗಳ ಪಟ್ಟಿಯಾದ ಪಬ್‌ಮೆಡ್‌ನಲ್ಲೂ ಒಮ್ಮೆ ನೋಡಿ. ಅಲ್ಲಿ 2014ಕ್ಕಿಂತ ಮುಂಚಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತದೆ, ಆದ್ದರಿಂದ ನೀವು ಮಧ್ಯದ ಲೇಖಕರಾಗಿದ್ದರೆ ಸಂಸ್ಥೆಯ ಹೆಸರು ಹಾಕಿ ಹುಡುಕಬೇಡಿ.

ಪೆಟ್ರಿತಟ್ಟೆ | ಸಂಜೆ 4.30

ಸಿಕ್ಕಿತು ಸರ್! ಇನ್ನೊಂದು ಲೇಖಕ ಗುರುತು ಇದೆ, ಅದರಡಿ 11 ಪೇಪರ್‌ಗಳು. ಸೈಟೇಶನ್ ಕ್ರಮದಲ್ಲಿ: 212, 88, 61, 40, 23, 19, 17, 14, 12, 11, 11. ಆ 212 ನನ್ನ ಪಿಎಚ್‌ಡಿ ಕಾಲದ ಪೇಪರ್. ಅದನ್ನು ನೋಡಿ ಕಣ್ಣು ತುಂಬಿ ಬಂತು.

ಸೂಕ್ಷ್ಮದರ್ಶಕ | ಸಂಜೆ 4.45

ಹಾಗಾದರೆ ಅದರ ಎಚ್-ಇಂಡೆಕ್ಸ್ 11. 18ಕ್ಕೆ 11 ಸೇರಿದರೆ 29. ಗೂಗಲ್‌ಗಿಂತಲೂ ಹೆಚ್ಚಾಯಿತಲ್ಲ!

ಅಂಕಿಸಂಖ್ಯೆ | ಸಂಜೆ 5.10

ಇಲ್ಲ, ಎಚ್-ಇಂಡೆಕ್ಸ್‌ಗಳನ್ನು ಕೂಡಿಸುವಂತಿಲ್ಲ. ಎರಡೂ ಪಟ್ಟಿಗಳನ್ನು ಬೆರೆಸಿ ಇಳಿಕೆಯ ಕ್ರಮದಲ್ಲಿ ಇಟ್ಟು ಹೊಸದಾಗಿ ಎಣಿಸಬೇಕು. ಮೇಡಂ, ಮುಖ್ಯ ಗುರುತಿನಲ್ಲಿ 21 ಅಥವಾ ಅದಕ್ಕಿಂತ ಹೆಚ್ಚು ಸೈಟೇಶನ್ ಇರುವ ಪೇಪರ್ ಎಷ್ಟು? 22 ಅಥವಾ ಹೆಚ್ಚು ಇರುವುದು ಎಷ್ಟು?

ಪೆಟ್ರಿತಟ್ಟೆ | ಸಂಜೆ 5.35

ಎರಡಕ್ಕೂ ಉತ್ತರ 16. ಹದಿನೇಳನೆಯದಕ್ಕೆ 19 ಇದೆ.

ಅಂಕಿಸಂಖ್ಯೆ | ಸಂಜೆ 5.41

ಹಳೆಯ ಪಟ್ಟಿಯಲ್ಲಿ 21 ದಾಟಿದ್ದು ಐದು. 16 ಮತ್ತು 5 ಸೇರಿ 21 ಪೇಪರ್, ಪ್ರತಿಯೊಂದಕ್ಕೂ ಕನಿಷ್ಠ 21 ಸೈಟೇಶನ್. 22ಕ್ಕೆ ಏರಲು 22 ಸೈಟೇಶನ್ ಇರುವ 22 ಪೇಪರ್ ಬೇಕು, ನಿಮ್ಮಲ್ಲಿ 21 ಇವೆ. ವಿಲೀನವಾದ ಮೇಲೆ ನಿಮ್ಮ ಎಚ್-ಇಂಡೆಕ್ಸ್ 21. ಹೆಚ್ಚಿದ್ದು ಮೂರೇ ಎಂದು ಬೇಸರಿಸಬೇಡಿ. 212 ಸೈಟೇಶನ್ ಇರುವ ಪೇಪರನ್ನೂ 23 ಇರುವುದನ್ನೂ ಈ ಅಳತೆ ಒಂದೇ ಎಂದು ಎಣಿಸುತ್ತದೆ. ಅದಕ್ಕೇ ಒಟ್ಟು ಸೈಟೇಶನ್ ಅನ್ನು ಬೇರೆಯಾಗಿ ತೋರಿಸಬೇಕು: ಈ ಹನ್ನೊಂದರಿಂದಲೇ 508 ಸೇರುತ್ತದೆ.

ಮಲೆನಾಡಿನವ | ಸಂಜೆ 6.20

ಮಧ್ಯೆ ಬಂದದ್ದಕ್ಕೆ ಕ್ಷಮೆ ಇರಲಿ. ಮೇಡಂ ಬಾಯಿಯ ಕ್ಯಾನ್ಸರ್ ಎಂದಿದ್ದರಿಂದ ಕೇಳುತ್ತಿದ್ದೇನೆ. ನಮ್ಮದು ಮೂರು ಎಕರೆ ಅಡಿಕೆ ತೋಟ. ತಂಬಾಕು ಹಾಕದೆ ಬರೀ ಎಲೆ ಅಡಿಕೆ ಹಾಕಿದರೂ ತೊಂದರೆಯೇ? ಅಮ್ಮ ನಲವತ್ತು ವರ್ಷದಿಂದ ಹಾಕುತ್ತಿದ್ದಾರೆ.

ಪೆಟ್ರಿತಟ್ಟೆ | ಸಂಜೆ 7.05

ತೊಂದರೆಯೇ. ಲಿಯಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಒಂದನೇ ಗುಂಪಿಗೆ ಸೇರಿಸಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ ಎಂದು ಅದರ ಅರ್ಥ. ಅಪಾಯ ಎಷ್ಟು ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಅಮ್ಮನಿಗೆ ಬಾಯಿ ಪೂರ್ತಿ ತೆರೆಯಲು ಆಗುತ್ತದೆಯೇ, ಖಾರ ತಿಂದರೆ ಉರಿಯುತ್ತದೆಯೇ, ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿ ಇದೆಯೇ ನೋಡಿ. ಇದ್ದರೆ ಈ ವಾರವೇ ದಂತವೈದ್ಯರಿಗೆ ತೋರಿಸಿ, ಮುಂದೂಡಬೇಡಿ.

ಹದಿನಾರಂಕಿ | ಸಂಜೆ 7.30

ವಿಲೀನದ ಕೋರಿಕೆ ಕಳಿಸುವಾಗ ಆರ್ಕಿಡ್ ಅನ್ನೂ ನಮೂದಿಸಿ ಮೇಡಂ. ಹಳೆಯ 11 ಪೇಪರ್‌ಗಳನ್ನು ಡಿಒಐ ಹಾಕಿ ಕೈಯಿಂದಲೇ ಆರ್ಕಿಡ್‌ಗೆ ಸೇರಿಸಿ, ‘ಇತರ ಹೆಸರುಗಳು’ ಎಂಬಲ್ಲಿ ಹಳೆಯ ರೂಪವನ್ನು ಬರೆಯಿರಿ. ಇದು ಮುಂದೆ ಉಪಯೋಗಕ್ಕೆ ಬಂದೇ ಬರುತ್ತದೆ.

ಹಳೆಯ ಗ್ರಂಥಪಾಲಕ | ಸಂಜೆ 7.48

ಇದನ್ನು ನಾನೂ ಒಪ್ಪುತ್ತೇನೆ. ಇನ್ನು ಗೂಗಲ್ ಸ್ಕಾಲರ್‌ನ 27. ಅಲ್ಲಿ ಪ್ರೌಢಪ್ರಬಂಧ, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮುನ್ನ ಹೊರಬಿಟ್ಟ ಪ್ರತಿ), ಪುಸ್ತಕದ ಅಧ್ಯಾಯಗಳಿಂದ ಬಂದ ಸೈಟೇಶನ್ ಕೂಡ ಸೇರುವುದರಿಂದ ಸಂಖ್ಯೆ ಸಹಜವಾಗಿ ಹೆಚ್ಚು. ಆದರೂ ಲೇಖನಗಳು ತಾವಾಗಿಯೇ ಸೇರುವಂತೆ ಇಟ್ಟಿದ್ದರೆ ಪಟ್ಟಿಯನ್ನು ಸಾಲು ಸಾಲಾಗಿ ಓದಿ.

ಪೆಟ್ರಿತಟ್ಟೆ | ರಾತ್ರಿ 9.15

ಓದಿದೆ. ಹಾಗೆಯೇ ಇಟ್ಟಿದ್ದೆ, ತಪ್ಪು ನನ್ನದೇ. ಮೂರು ಪೇಪರ್‌ಗಳು ನನ್ನವಲ್ಲ! ಮಣ್ಣಿನ ರಂಜಕದ ಮೇಲೆ ಬರೆದವರು ಯಾರೋ, ಅದೇ ಹೆಸರು, ಅದೇ ಇನಿಷಿಯಲ್. ಮೂರಕ್ಕೂ ಸೈಟೇಶನ್ ಚೆನ್ನಾಗಿದೆ.

ಬಿಬ್‌ಟೆಕ್ ಭಟ್ಟ | ರಾತ್ರಿ 9.30

ಶುಕ್ರವಾರದವರೆಗೆ ಹಾಗೆಯೇ ಬಿಡಿ ಮೇಡಂ. ಅಷ್ಟು ಆಳಕ್ಕೆ ಯಾರು ಇಳಿದು ನೋಡುತ್ತಾರೆ?

ಅಂಕಿಸಂಖ್ಯೆ | ರಾತ್ರಿ 9.34

ಭಟ್ಟರೇ, ಇಂಥ ಸಲಹೆ ಕೊಡಬೇಡಿ. ಆ ಮೂರು ಪೇಪರ್‌ಗಳ ಹಿಂದೆಯೂ ಒಬ್ಬರ ವರ್ಷಗಟ್ಟಲೆ ದುಡಿಮೆ ಇದೆ.

ಪೆಟ್ರಿತಟ್ಟೆ | ರಾತ್ರಿ 9.50

ತೆಗೆದೆ. ಈಗ 25. ವಿಲೀನದ ಕೋರಿಕೆಯನ್ನೂ ಕಳಿಸಿದೆ, ಆದರೆ ಶುಕ್ರವಾರದೊಳಗೆ ಆಗುವ ಭರವಸೆ ಇಲ್ಲ.

ಹಳೆಯ ಗ್ರಂಥಪಾಲಕ | ರಾತ್ರಿ 10.05

ಕಾಯಬೇಡಿ. ಅರ್ಜಿಯಲ್ಲಿ ಎರಡೂ ಲೇಖಕ ಗುರುತುಗಳನ್ನು ಬರೆದು, ಬೆರೆಸಿದ ಪಟ್ಟಿಯನ್ನು ಲಗತ್ತಿಸಿ, 21 ಎಂದು ನಮೂದಿಸಿ. ಗೂಗಲ್ ಸ್ಕಾಲರ್‌ನ 25 ಪಕ್ಕದಲ್ಲಿರಲಿ. ಎರಡಕ್ಕೂ ಮೂಲ ಮತ್ತು ನೋಡಿದ ದಿನಾಂಕ ಹಾಕಿ. ಹೆಸರು ಬದಲಾದ ಕಾರಣಕ್ಕೆ ಎರಡು ಸಾಲು ಸಾಕು.

ಪೆಟ್ರಿತಟ್ಟೆ | ಹದಿನೆಂಟು ದಿನಗಳ ನಂತರ

ವಿಲೀನವಾಯಿತು. 21 ತೋರಿಸುತ್ತಿದೆ, 212 ಮೊದಲ ಸಾಲಿನಲ್ಲಿದೆ. ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಹೊಸ ಪೇಪರ್ ಪ್ರೂಫ್ ಹಂತದಲ್ಲಿದೆ, ಇನ್ನು ಮುಂದೆ ಹೆಸರಿನ ರೂಪ ಬದಲಿಸುವುದಿಲ್ಲ.

ಮಲೆನಾಡಿನವ | ಅದೇ ದಿನ

ಮೇಡಂ, ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕೆನ್ನೆಯ ಒಳಗೆ ಪಟ್ಟಿ ಇದೆಯಂತೆ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಸೋಮವಾರ ಬರುತ್ತದೆ. ಬಂದ ಮೇಲೆ ಇಲ್ಲಿಯೇ ಕೇಳಬಹುದೇ?

ಪೆಟ್ರಿತಟ್ಟೆ | ಅದೇ ದಿನ

ಕೇಳಿ. ಸೋಮವಾರ ಸಂಜೆ ಇಲ್ಲಿ ಇರುತ್ತೇನೆ. ಅಲ್ಲಿಯವರೆಗೆ ಎಲೆ ಅಡಿಕೆ ಡಬ್ಬಿಯನ್ನು ಅಮ್ಮನ ಕೈಗೆ ಸಿಗದಂತೆ ಇಡಿ.